ಏನರ ಬರಕೋರಿ, ಸರ್

ದಾಖಲೆಯ ಪ್ರಕಾರ ನಾನು ಹುಟ್ಟಿದ್ದು 1959ರ ಜೂನ್ 1ರಂದು. ಅಮ್ಮ ಇರುವವರೆಗೆ ಹೇಳುತ್ತಿದ್ದದ್ದು ಬೇರೆ. ಕೋಟೇಶ್ವರದ ಕೊಡಿಹಬ್ಬ ಮುಗಿದು ಎಂಟು ದಿನಕ್ಕೆ ನೀನು ಹುಟ್ಟಿದ್ದು, ಅಂಗಳದಲ್ಲಿ ಆಗಿನ್ನೂ ಭತ್ತದ ರಾಶಿ ಇತ್ತು ಎನ್ನುತ್ತಿದ್ದಳು. ಕೊಡಿಹಬ್ಬ ಬರುವುದು ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ. ಅಂದರೆ 1958ರ ಚಳಿಗಾಲ. ಬ್ಯಾಂಕಿನವರು 2019ರ ಮೇ 31ರಂದು ಹಾರ ಹಾಕಿ ಬೀಳ್ಕೊಟ್ಟಾಗ ನನಗೆ ಅರವತ್ತು ತುಂಬಿ ಆರು ತಿಂಗಳಾಗಿತ್ತು. ಆ ಆರು ತಿಂಗಳ ಸಂಬಳ ನನ್ನದಲ್ಲ. ಇದನ್ನು ಮೊನ್ನೆ ಮೊನ್ನೆಯವರೆಗೆ ಹೆಂಡತಿಗೂ ಹೇಳಿರಲಿಲ್ಲ.

ನನ್ನ ಪ್ರಾಯದವರಲ್ಲಿ ಜೂನ್ ಒಂದರಂದು ಹುಟ್ಟಿದವರು ಬಹಳ ಜನ. ಶಾಲೆ ಶುರುವಾಗುವ ಹೊತ್ತಿಗೆ ಪ್ರಾಯ ಸರಿಹೊಂದಲಿ ಎಂದು ಮಾಸ್ತರರು ಬರೆದುಕೊಂಡ ತಾರೀಕು ಅದು. ಅಷ್ಟೇ ಆಗಿದ್ದರೆ ನಾನಿದನ್ನು ಬರೆಯಲು ಕೂರುತ್ತಿರಲಿಲ್ಲ. ನನ್ನ ಕಾಗದಗಳಲ್ಲಿ ಇನ್ನೂ ಎರಡು ಸುಳ್ಳುಗಳಿವೆ. ನಾನು ಏಳನೇ ತರಗತಿ ಪಾಸಾದವನಲ್ಲ. ನನ್ನ ಶಾಲಾ ದಾಖಲೆಯಲ್ಲಿ ಪಾಲಕರು ಎಂದು ಯಾರ ಹೆಸರಿದೆಯೋ ಅವರು ನನಗೆ ಸೋದರಮಾವನಲ್ಲ, ಸಂಬಂಧವೇ ಅಲ್ಲ.

1972ರ ಫೆಬ್ರವರಿಯಲ್ಲಿ, ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿದ್ದಾಗ, ಕೋಟದ ಹತ್ತಿರದ ನಮ್ಮ ಹಳ್ಳಿಯಿಂದ ಓಡಿಬಂದೆ. ಆಗ ಅದು ಇನ್ನೂ ಮೈಸೂರು ರಾಜ್ಯ. ಅಪ್ಪ ತೀರಿಹೋಗಿ ವರ್ಷವಾಗಿತ್ತು, ಮನೆಯಲ್ಲಿ ಉಣ್ಣುವ ಬಾಯಿ ಆರು. ಬೊಂಬಾಯಿಗೆ ಹೊರಟ ಅಡುಗೆ ಭಟ್ಟರೊಬ್ಬರ ಬೆನ್ನು ಹಿಡಿದು ಬಸ್ಸು ಹತ್ತಿದೆ. ಮಾಟುಂಗದ ಒಂದು ಹೋಟೆಲಿನ ಮೋರಿಯಲ್ಲಿ ಲೋಟ ತೊಳೆಯುವ ಕೆಲಸ ಸಿಕ್ಕಿತು. ಮೊದಲ ದಿನ ಗಲ್ಲೆಯಲ್ಲಿ ಕೂತ ಯಜಮಾನರು ಕೇಳಿದ್ದು ಒಂದೇ ಮಾತು: “ಯಾರ ಮನಿ ಮಾಣಿ ನೀನ್?” ಕೆಳಮನೆ ಐತಾಳರ ಮೊಮ್ಮಗ ಎಂದೆ. ಅವರು ತಲೆ ಆಡಿಸಿದರು. ಆ ಉತ್ತರ ಕೊಟ್ಟ ಮೇಲೆ ಆ ಹೋಟೆಲಿನಲ್ಲಿ ಯಾರೂ ನನ್ನನ್ನು ಇನ್ನೇನೂ ಕೇಳಲಿಲ್ಲ.

ಮರು ವರ್ಷ ಜೂನಿನ ಒಂದು ಸಂಜೆ ಅವರೇ ಕರೆದು ಕೇಳಿದರು, “ಶಾಲಿಗ್ ಹೋಪುಕೆ ಮನ್ಸಿತ್ತಾ?” ಮನಸ್ಸಿತ್ತು. ಟಿ.ಸಿ. ಇರಲಿಲ್ಲ. ಅವರು ಅಂಗಿ ಹಾಕಿಕೊಂಡು ನನ್ನ ಜೊತೆ ಕನ್ನಡ ರಾತ್ರಿಶಾಲೆಗೆ ನಡೆದು ಬಂದರು. ಮುಖ್ಯ ಮಾಸ್ತರರು ದಾಖಲಾತಿ ಪುಸ್ತಕ ಬಿಡಿಸಿದರು. ಉದ್ದದ ಪುಸ್ತಕ, ಅಂಚು ಗೆದ್ದಲು ತಿಂದಿತ್ತು, ನೀಲಿ ಗೆರೆಗಳು. “ಏಳನೇದು ಆಗಿದೆಯಲ್ಲ?” ಎಂದರು. ನಾನು ಬಾಯಿ ಬಿಡುವ ಮೊದಲೇ ಯಜಮಾನರು “ಆಯ್ತ್” ಎಂದರು. ಮಾಸ್ತರರು ಒಂದು ಗಳಿಗೆ ನನ್ನ ಮುಖ ನೋಡಿ, ಶಾಯಿ ಪೆನ್ನಿನ ಟೊಪ್ಪಿ ತೆಗೆದು, ಗುಂಡು ಅಕ್ಷರದಲ್ಲಿ ‘7ನೇ ತೇರ್ಗಡೆ’ ಎಂದು ಬರೆದರು. ಟಿ.ಸಿ.ಯ ಅಂಕಣದಲ್ಲಿ ‘ತರುವಾಯ ಹಾಜರುಪಡಿಸುವುದು’. ಪಾಲಕರ ಅಂಕಣದಲ್ಲಿ ಯಜಮಾನರ ಹೆಸರು, ಸಂಬಂಧ ‘ಸೋದರಮಾವ’. ಹುಟ್ಟಿದ ತಾರೀಕಿಗೆ ಅವರು ಯಾರನ್ನೂ ಕೇಳಲಿಲ್ಲ. ಆ ಟಿ.ಸಿ.ಯನ್ನು ನಾನು ಹಾಜರುಪಡಿಸಲೇ ಇಲ್ಲ, ಅವರೂ ಕೇಳಲಿಲ್ಲ.

1976ರಲ್ಲಿ ಎಸ್ಸೆಸ್ಸಿ ಆಯಿತು. ಆಮೇಲೆ ಫೋರ್ಟಿನ ಸಿದ್ಧಾರ್ಥ ಕಾಲೇಜು. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಸಿದ್ಧಾರ್ಥ ಕಾಲೇಜು ತೆರೆದಾಗ ದುಡಿಯುವವರು ಓದಲಿ ಎಂದು ಬೆಳಗಿನ ತರಗತಿ ಇಟ್ಟರು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಊರಿನ ಎಷ್ಟೋ ಹುಡುಗರು ಪದವೀಧರರಾದದ್ದು ಆ ತರಗತಿಗಳಿಂದ. ನಾನು ಸೂರ್ಯ ಹುಟ್ಟುವ ಮೊದಲು ಲೋಕಲ್ ಹತ್ತಿ ವಿ.ಟಿ.ಗೆ ಹೋಗಿ, ಕಾಮರ್ಸ್ ತರಗತಿ ಮುಗಿಸಿ, ಊಟದ ಗಿರಾಕಿಗಳು ಬರುವ ಹೊತ್ತಿಗೆ ಹೋಟೆಲಿಗೆ ವಾಪಸಾಗುತ್ತಿದ್ದೆ. ಫೀಸು ಯಜಮಾನರ ಖಾತೆ ಪುಸ್ತಕದಿಂದ. ನನ್ನ ಹೆಸರಿನ ಪುಟದಲ್ಲಿ ‘ಕಾಲೇಜು ಬಾಬ್ತು’ ಎಂದು ಬರೆದು ಹಣ ಕೊಡುತ್ತಿದ್ದರು, ತಿಂಗಳಿಗೆ ಹತ್ತು ರೂಪಾಯಿ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. 1981ರಲ್ಲಿ ಬಿ.ಕಾಂ. ಫಲಿತಾಂಶ ಬಂದ ದಿನ ಇನ್ನೂ 170 ರೂಪಾಯಿ ಬಾಕಿ ಇತ್ತು. ಅವರು ಪುಟಕ್ಕೆ ಅಡ್ಡಗೆರೆ ಎಳೆದು ‘ವಜಾ’ ಎಂದು ಬರೆದು ಪುಸ್ತಕ ಮುಚ್ಚಿದರು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಇಷ್ಟನ್ನು ನಾನು ಅನೇಕ ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ಲೋಟ ತೊಳೆದು ಓದಿದವನು ಎಂದು ಪರಿಚಯಿಸುವಾಗ ಚಪ್ಪಾಳೆ ತಟ್ಟಿದ್ದಾರೆ. ದಾಖಲಾತಿ ಪುಸ್ತಕದ ಭಾಗವನ್ನು ಮಾತ್ರ ಎಲ್ಲಿಯೂ ಹೇಳಿಲ್ಲ.

ನಿವೃತ್ತಿಯಾದ ಮೇಲೆ ಒಂದು ಕನ್ನಡ ಸಂಘ ನನ್ನನ್ನು ವಿದ್ಯಾನಿಧಿಯ ಕೋಶಾಧಿಕಾರಿ ಮಾಡಿತು. ಸಂಘದ ಹೆಸರು ಬೇಡ; ತಪ್ಪು ನನ್ನದು. 2022ರ ಜುಲೈ ತಿಂಗಳ ಒಂದು ಭಾನುವಾರ, ಅರ್ಜಿ ಪರಿಶೀಲನೆಯ ದಿನ, ಕುರ್ಲಾದಿಂದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ಏಳನೆಯವರೆಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆ, ಆಮೇಲೆ ಬೇರೆ ಮಾಧ್ಯಮ, ಹನ್ನೆರಡನೆಯದರಲ್ಲಿ ವಿಜ್ಞಾನ, ಶೇಕಡ 81. ಎಂಜಿನಿಯರಿಂಗ್ ಸೇರುವ ಆಸೆ. ಖಾಸಗಿ ಕಾಲೇಜಿನ ಫೀಸು ವರ್ಷಕ್ಕೆ ಒಂದು ಲಕ್ಷದ ಮೇಲೆ. ತಂದೆ ನಾಕಾದಲ್ಲಿ ನಿಂತು ದಿನಗೂಲಿ ಹಿಡಿಯುವವರು, ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಗಳು. ಹುಡುಗಿ ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಜೋಡಿಸಿದಳು. ನಮ್ಮ ಪಟ್ಟಿಯಲ್ಲಿ ಇದ್ದದ್ದು: ತಹಸೀಲ್ದಾರರ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ವಾಸದ ಪುರಾವೆ, ಇಬ್ಬರು ಆಜೀವ ಸದಸ್ಯರ ಶಿಫಾರಸು. ಅವಳ ಬಳಿ ಇದ್ದದ್ದು ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರವಾದ ಎಲ್‌ಸಿ, ಆಧಾರ್ ಕಾರ್ಡು.

ಎಲ್‌ಸಿಯಲ್ಲಿ ಹುಟ್ಟಿದ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು ಎಂದಿತ್ತು. ಮುಂಬಯಿಯಲ್ಲೇ ಬೆಳೆದವಳಲ್ಲವೇ ಎಂದು ಕೇಳಿದೆ. ತಾಯಿ ಹೇಳಿದರು, “ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ರಿ ಸರ್. ಸೂಲಗಿತ್ತಿ ಮಾಡಿದ ಹೆರಿಗಿರಿ. ಕಾಗದ ಎಲ್ಲಿಂದ ತರೂಣ್ರಿ? ಮೂರು ತಿಂಗಳಿಗೆ ಕೂಸು ಎತಗೊಂಡು ಇಲ್ಲಿಗೆ ಬಂದೀವ್ರಿ.” ರೇಷನ್ ಕಾರ್ಡು? ಅದು 2005ರ ಜುಲೈ 26ರಂದು ಹೋಯಿತು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮೀಠಿ ನದಿ ದಂಡೆ ಮೀರಿತ್ತು. ಅವರ ಗುಡಿಸಲು ಆ ನದಿಯ ಪಕ್ಕದ್ದು. ಟ್ರಂಕು ತೇಲಿಹೋಯಿತು, ಮಗುವನ್ನು ಹೆಗಲ ಮೇಲೆ ಹೊತ್ತು ಉಳಿದರು. ಆಮೇಲೆ ಬಾಡಿಗೆಯ ಖೋಲಿಗಳಲ್ಲಿ, ಹನ್ನೊಂದು ತಿಂಗಳಿಗೊಂದು ವಿಳಾಸದಲ್ಲಿ ಬದುಕು.

ನಾನು ಆ ಕಾಗದಗಳನ್ನು ತಿರುವಿ ಹಾಕಿದೆ. ಆದಾಯ ಪ್ರಮಾಣಪತ್ರ ತರಬೇಕಮ್ಮ ಎಂದೆ. ಅದಕ್ಕೂ ವಿಳಾಸದ ಪುರಾವೆ ಕೇಳುತ್ತಾರೆ, ಎರಡು ಸಲ ಹೋಗಿ ಬಂದೆವು ಎಂದು ಹುಡುಗಿ ಹೇಳಿದಳು. ಹಾಗಾದರೆ ತಂದೆಯ ಆದಾಯ ಎಷ್ಟೆಂದು ನಾವು ಏನೆಂದು ಬರೆಯುವುದು ಎಂದೆ. ಆಗ ತಾಯಿ ಎರಡೂ ಕೈ ಮೇಜಿನ ಅಂಚಿಗೆ ಇಟ್ಟು, ಮೆಲ್ಲಗೆ, ನಾನು ಅವರ ಕಡೆಯವನೇ ಎಂಬ ನಂಬಿಕೆಯಲ್ಲಿ ಹೇಳಿದರು: “ನಿಮಗ ತಿಳಿದಂಗ ಏನರ ಬರಕೋರಿ, ಸರ್.”

ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಹಾಗೆಲ್ಲ ಸುಳ್ಳು ಬರೆಯಲಿಕ್ಕೆ ಆಗುವುದಿಲ್ಲಮ್ಮ. ಇದು ಆಡಿಟ್ ಆಗುವ ಲೆಕ್ಕ.” ಸುಳ್ಳು ಎಂಬ ಶಬ್ದವನ್ನು ಬಳಸಿದ್ದು ನಾನು. ಅವರು ಸುಳ್ಳು ಬರೆಯಿರಿ ಎಂದಿರಲಿಲ್ಲ. ಹುಡುಗಿಯ ಮುಖ ಕೆಂಪಾಯಿತು. ಕಾಗದಗಳನ್ನು ಬಂದ ಕ್ರಮದಲ್ಲೇ ಒಳಗಿನ ಚೀಲಕ್ಕೆ, ಆ ಚೀಲವನ್ನು ಹೊರಗಿನ ಚೀಲಕ್ಕೆ ಹಾಕಿ, “ಥ್ಯಾಂಕ್ಯೂ ಸರ್” ಎಂದು ಎದ್ದಳು. ನಾನು ಅರ್ಜಿಯ ಮೇಲೆ ‘ಅಪೂರ್ಣ’ ಎಂದು ಬರೆದು ಸಹಿ ಮಾಡಿದೆ.

ಆ ವರ್ಷ ನಿಧಿಯಲ್ಲಿ ಹಣ ಉಳಿಯಿತು. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವಾಗ ಉಳಿದ ಮೊತ್ತ ಕಣ್ಣಿಗೆ ಬಿತ್ತು, ಆ ಅರ್ಜಿ ನೆನಪಾಯಿತು. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ. ಮೊದಲು ನಿಯಮವನ್ನೇ ಹಿಡಿದುಕೊಂಡೆ. ದಾನಿಗಳ ಹಣ, ಚಾರಿಟಿ ಕಮಿಷನರ್ ಕಚೇರಿಗೆ ಲೆಕ್ಕ ಕೊಡಬೇಕು, ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕು. ಇವು ಸುಳ್ಳಲ್ಲ. ಆದರೆ ಸಂಘದ ನಿಯಮದಲ್ಲೇ, ಕಾರ್ಯಕಾರಿ ಸಮಿತಿಯ ಒಬ್ಬ ಸದಸ್ಯ ಮನೆಗೆ ಹೋಗಿ ನೋಡಿ ಬರೆದ ವರದಿಯ ಮೇಲೂ ನೆರವು ಕೊಡಬಹುದು ಎಂಬ ಸಾಲಿದೆ. ನಾಲ್ಕು ಜನಕ್ಕೆ ನಾನೇ ಆ ಸಾಲಿನ ಮೇಲೆ ಹಣ ಮಂಜೂರು ಮಾಡಿಸಿದ್ದೆ. ನಾಲ್ವರೂ ನನಗೆ ಮೊದಲೇ ಗೊತ್ತಿದ್ದ ಮನೆಗಳವರು. ಯಕ್ಷಗಾನಕ್ಕೆ ಬರುವವರು, ಗಣೇಶ ಚೌತಿಗೆ ಬರುವವರು, ಊರಿನ ಹೆಸರು ಹೇಳಿದರೆ ನಾನು ಮನೆಯ ಹೆಸರು ಹೇಳಬಲ್ಲವರು. ಕುರ್ಲಾದ ಮನೆಗೆ ಹೋಗಿ ಬರಬಹುದು ಎಂಬುದು ಆ ಭಾನುವಾರ ನನ್ನ ತಲೆಗೆ ಬರಲೇ ಇಲ್ಲ. ಮಾಟುಂಗದಿಂದ ಕುರ್ಲಾಕ್ಕೆ ರೈಲಿನಲ್ಲಿ ಕಾಲು ಗಂಟೆಯೂ ಬೇಡ.

ಇದನ್ನು ಬರೆಯುವುದು ಕಷ್ಟವಾಗುತ್ತಿದೆ, ಆದರೂ ಬರೆಯುತ್ತೇನೆ. ಐವತ್ತು ವರ್ಷ ನಾನು ನನ್ನನ್ನು ಕಾಗದವಿಲ್ಲದೆ ಬಂದ ಹುಡುಗ ಎಂದುಕೊಂಡಿದ್ದೆ. ಅದು ನಿಜವಲ್ಲ. ನನ್ನ ಬಳಿ ಕಾಗದ ಇತ್ತು. ಅದು ನನ್ನ ಹೆಸರಿನ ಕೊನೆಯಲ್ಲಿತ್ತು. ‘ಐತಾಳ’ ಎಂದ ಕೂಡಲೇ ಯಜಮಾನರಿಗೆ ನನ್ನ ಅಜ್ಜ, ಮನೆ, ಅಡುಗೆಮನೆಗೆ ಬಿಟ್ಟುಕೊಳ್ಳಬಹುದಾದ ಜಾತಿ ಎಲ್ಲವೂ ತಿಳಿಯಿತು. ಮಾಸ್ತರರು ಪುಸ್ತಕದಲ್ಲಿ ಬರೆದದ್ದು ಆ ತಿಳಿವಿನ ಮೇಲೆ. ಆಗಿನ ಮುಂಬಯಿಯಲ್ಲಿ ನಮ್ಮ ಕರಾವಳಿಯ ಪ್ರತಿ ಜಾತಿಗೂ ಒಂದೊಂದು ಆಸರೆ ಇತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಹೀಗೆ ಕಟ್ಟಿಕೊಂಡವರು ರಾತ್ರಿಶಾಲೆ ನಡೆಸಿದರು, ಸಾವಿರಾರು ಹುಡುಗರನ್ನು ಓದಿಸಿದರು. ಅದು ದೊಡ್ಡ ಕೆಲಸ, ಅದರ ಅನ್ನ ತಿಂದವನು ನಾನು. ಆದರೆ ವಿಜಯಪುರದಿಂದ, ಕಲಬುರಗಿಯಿಂದ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತ ಕನ್ನಡದ ಜನರಿಗೆ ಗಲ್ಲೆಯ ಮೇಲೆ ಕೂತು “ಯಾರ ಮನೆ ಹುಡುಗ” ಎಂದು ಕೇಳುವವರು ಯಾರಿದ್ದರು? ಆ ಹುಡುಗಿಯ ಅಜ್ಜ ಬಂದದ್ದೂ 1972ರಲ್ಲೇ, ಆ ವರ್ಷದ ಬರಕ್ಕೆ. ನಾನು ಬಂದ ವರ್ಷವೇ.

ಆಮೇಲೆ ಕುಳಿತು ಓದಿದೆ. ಅವಳ ಜಾತಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಆ ಪ್ರಮಾಣಪತ್ರ ಬೇಕೆಂದರೆ ಕುಟುಂಬ 1950ರ ಆಗಸ್ಟ್ 10ಕ್ಕೂ ಮೊದಲೇ ಇಲ್ಲಿತ್ತು ಎಂದು ತೋರಿಸಬೇಕು. ಹಿಂದುಳಿದ ವರ್ಗದವರಿಗಾದರೆ 1967ರ ಅಕ್ಟೋಬರ್ 13. ಅವಳ ಅಜ್ಜ ಇಪ್ಪತ್ತೆರಡು ವರ್ಷ ತಡವಾಗಿ ಬಂದರು. ವಿಜಯಪುರ 1956ರವರೆಗೆ ಮುಂಬಯಿ ರಾಜ್ಯದ್ದೇ ಜಿಲ್ಲೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೀಗೆ ವಲಸೆ ಬಂದವರ ಪ್ರಶ್ನೆಯನ್ನೇ ಇತ್ಯರ್ಥ ಮಾಡಿತು. ಆ ಮೊಕದ್ದಮೆ ಹುಟ್ಟಿದ್ದು ಮುಂಬಯಿಯಲ್ಲಿ, ಪರೇಲಿನ ಜಿ.ಎಸ್. ಮೆಡಿಕಲ್ ಕಾಲೇಜಿನ ಸೀಟಿನ ವಿಷಯಕ್ಕೆ. ಆಂಧ್ರದಲ್ಲಿ ಪರಿಶಿಷ್ಟ ಪಂಗಡದವನಾದ ಮರ್ರಿ ಚಂದ್ರಶೇಖರ ರಾವ್ ಎಂಬ ವಿದ್ಯಾರ್ಥಿ ತಂದೆಯ ನೌಕರಿಯಿಂದಾಗಿ ಚಿಕ್ಕಂದಿನಲ್ಲೇ ಇಲ್ಲಿಗೆ ಬಂದು ಓದಿದವನು. ಒಂದು ರಾಜ್ಯದ ಪಟ್ಟಿಯಲ್ಲಿರುವ ಜಾತಿಗೆ ಇನ್ನೊಂದು ರಾಜ್ಯದಲ್ಲಿ ಆ ಸವಲತ್ತು ಇಲ್ಲ ಎಂದು ತೀರ್ಪಾಯಿತು. ಕಾನೂನಿನ ಕಾರಣಗಳನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಇಂಡಿ ತಾಲೂಕಿನಲ್ಲಿ ಊರ ಹೊರಗಿನ ಕೇರಿಯಿಂದ ಹೊರಟ ಕುಟುಂಬ ಸೊಲ್ಲಾಪುರ ಮುಟ್ಟಿದ ಕೂಡಲೇ ‘ಓಪನ್’ ಆಗುತ್ತದೆ, ಹಾಗಾಗಿ ಫೀಸು ಪೂರಾ ಕಟ್ಟಬೇಕು ಎನ್ನುವುದನ್ನು ಆ ತಾಯಿಯ ಕೈ ನೋಡಿದ ಮೇಲೆ ಒಪ್ಪಲು ನನ್ನಿಂದಾಗುತ್ತಿಲ್ಲ.

ಓಪನ್ ಆದವರಿಗೂ ಒಂದು ದಾರಿ ಇದೆ. ವರ್ಷಕ್ಕೆ ಎಂಟು ಲಕ್ಷದೊಳಗಿನ ಆದಾಯದವರಿಗೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಯೋಜನೆಯಲ್ಲಿ 2022ರಲ್ಲಿ ಸರ್ಕಾರ ಅರ್ಧ ಫೀಸು ಕಟ್ಟುತ್ತಿತ್ತು. ಆದರೆ ಮಹಾರಾಷ್ಟ್ರದಲ್ಲಿ ಹುಟ್ಟಿರಬೇಕು, ಇಲ್ಲವೇ ಇಲ್ಲಿನ ಅಧಿವಾಸದ ದಾಖಲೆ, ಜನ ಡೊಮಿಸೈಲ್ ಎನ್ನುತ್ತಾರಲ್ಲ ಅದು, ಇರಬೇಕು. ಅದಕ್ಕೆ ಹದಿನೈದು ವರ್ಷ ವಾಸವಿದ್ದ ಪುರಾವೆ. ಅವಳ ಶಾಲೆಯ ದಾಖಲೆ ಹನ್ನೆರಡು ವರ್ಷಕ್ಕೆ ಸಾಕ್ಷಿ ಹೇಳುತ್ತದೆ. ಉಳಿದ ಮೂರು ವರ್ಷಕ್ಕೆ ತಂದೆಯ ಕಾಗದ ಬೇಕು. ಅದು ಮೀಠಿ ನದಿಯಲ್ಲಿದೆ. ಮಗಳು ತವರಿನಲ್ಲಿ ಹೆರಬೇಕೆಂಬ ಪ್ರೀತಿಯ ಪದ್ಧತಿ ಒಂದು ಕಡೆಯಿಂದ, ಒಂದು ದಿನದ ಮಳೆ ಇನ್ನೊಂದು ಕಡೆಯಿಂದ ಆ ಹುಡುಗಿಯ ಫೀಸಿಗೆ ಅಡ್ಡ ನಿಂತವು. ಮೂರನೆಯ ಕಡೆಯಲ್ಲಿ ನಾನಿದ್ದೆ.

ಅಮೆರಿಕದಲ್ಲಿರುವ ನನ್ನ ಮಗ ಅಲ್ಲಿನ ಕಾಗದವಿಲ್ಲದ ಮಕ್ಕಳ ವಿಷಯ ಹೇಳುತ್ತಿರುತ್ತಾನೆ. ಅಂಥವರಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆಯಂತೆ; ಕಾಲೇಜಿನ ಫೀಸಿನ ನಿಯಮ ಮಾತ್ರ ಒಂದೊಂದು ರಾಜ್ಯಕ್ಕೆ ಒಂದೊಂದು. ನಮ್ಮ ಶಿಕ್ಷಣ ಹಕ್ಕಿನ ಕಾಯ್ದೆಯೂ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಶಾಲೆಯಿಂದ ಹೊರಗಿಡಬಾರದು ಎನ್ನುತ್ತದೆ. ಹದಿನಾಲ್ಕಕ್ಕೆ ಆ ಕಾಯ್ದೆಯ ನೆರಳು ಮುಗಿಯುತ್ತದೆ. ಅಮೆರಿಕದ ಮಕ್ಕಳು ಇನ್ನೊಂದು ದೇಶದಿಂದ ಬಂದವರು. ಈ ಹುಡುಗಿ ತನ್ನ ಅಜ್ಜಿಯ ಮನೆಯಲ್ಲಿ ಹುಟ್ಟಿದ್ದಳು, ಅಷ್ಟೇ.

ಮೂರು ವರ್ಷ ನಾನು ಯೋಚಿಸುತ್ತಲೇ ಇದ್ದೆ. ಯೋಚಿಸುವುದೂ ಒಂದು ತಪ್ಪಿಸಿಕೊಳ್ಳುವಿಕೆ ಎಂದು ಈಗ ಅನಿಸುತ್ತದೆ. 2025ರ ಆಗಸ್ಟಿನಲ್ಲಿ ಒಂದು ರಾತ್ರಿ ಊಟವಾದ ಮೇಲೆ ಹೆಂಡತಿಗೆ ಏಳನೇ ತರಗತಿಯ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಈಗೆಲ್ಲಿದ್ದಾಳೆ?” ಎಂದು ಕೇಳಿದಳು. ನಾನು ಹೇಳಿದ್ದು ನನ್ನ ವಿಷಯ, ಅವಳು ಕೇಳಿದ್ದು ಆ ಹುಡುಗಿಯ ವಿಷಯ.

ಹಳೆಯ ಅರ್ಜಿಯಲ್ಲಿದ್ದ ಫೋನು ಬದಲಾಗಿರಲಿಲ್ಲ. ಹೋದೆ. ಹುಡುಗಿ ಒಂದು ಲ್ಯಾಬಿನ ಕೌಂಟರಿನಲ್ಲಿ ರಿಪೋರ್ಟು ಕೊಡುವ ಕೆಲಸ ಮಾಡುತ್ತಾಳೆ. ಎಂಜಿನಿಯರಿಂಗ್ ಆಗಲಿಲ್ಲ. ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಕೊನೆಯ ವರ್ಷ, ಫೀಸು ತನ್ನ ಸಂಬಳದಿಂದ ತಾನೇ ಕಟ್ಟಿದ್ದಾಳೆ. ನಾನು ಕ್ಷಮೆ ಕೇಳಿದೆ. ಅವಳು ತಕ್ಷಣ ಏನೂ ಹೇಳಲಿಲ್ಲ. ತಾಯಿ ಚಹಾ ತಂದಿಟ್ಟು, “ಬಿಡ್ರಿ ಸರ್, ಆಗಿದ್ದು ಆಗಿ ಹೋತು” ಎಂದರು. ಹುಡುಗಿ ಹಾಗೆ ಅನ್ನಲಿಲ್ಲ. ಅನ್ನದೇ ಇದ್ದದ್ದು ಸರಿ. ಮುಂದಿನ ಓದಿಗೆ ಹಣ ಕೊಡುತ್ತೇನೆ ಎಂದೆ. “ನನಗ ಈಗ ರೊಕ್ಕ ಬ್ಯಾಡ್ರಿ. ನಮ್ಮ ತಮ್ಮಂದು ಒಂದು ಕೆಲಸ ಅದ, ನಿಮ್ಮ ಕಡಿಂದ ಆದ್ರ ನೋಡ್ರಿ” ಎಂದು ಅದೇ ಪ್ಲಾಸ್ಟಿಕ್ ಚೀಲ ತೆಗೆದಳು.

ತಮ್ಮ ಹತ್ತನೆಯ ತರಗತಿ. ಹುಟ್ಟಿದ್ದು ಇಲ್ಲಿಯೇ, ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ, 2010ರ ನವೆಂಬರಿನಲ್ಲಿ. ಜನನ ಪ್ರಮಾಣಪತ್ರ ಇದೆ. ತಂದೆಯ ಹೆಸರಿದೆ, ತಾಯಿಯ ಹೆಸರಿದೆ, ಹುಟ್ಟಿದ ತಾರೀಕು ಇದೆ. ಮಗುವಿನ ಹೆಸರಿನ ಜಾಗ ಖಾಲಿ. ತೊಟ್ಟಿಲಿಗೆ ಹಾಕುವ ಮೊದಲೇ ನೋಂದಣಿಯಾಗಿತ್ತು, ಆಮೇಲೆ ಹೋಗಿ ಬರೆಸಬೇಕೆಂದು ಯಾರೂ ಹೇಳಲಿಲ್ಲ. ಹಾಗೆ ಹೆಸರು ಸೇರಿಸಲು ನೋಂದಣಿಯಾದ ದಿನದಿಂದ ಹದಿನೈದು ವರ್ಷದವರೆಗೆ ಮಾತ್ರ ಅವಕಾಶ. ಮೂರು ತಿಂಗಳು ಉಳಿದಿತ್ತು.

ಕುರ್ಲಾ ಎಲ್ ವಾರ್ಡಿನ ಕಚೇರಿಗೆ ನಾವು ನಾಲ್ಕು ಸಲ ಹೋದೆವು. ನಾಲ್ಕನೆಯ ಸಲ ಅಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಕಿಟಕಿಯ ಆಚೆಯ ಹೆಣ್ಣುಮಗಳು ಅರ್ಜಿ ನಮೂನೆ ಮುಂದೆ ತಳ್ಳಿ, ಸ್ಪಷ್ಟವಾಗಿ ಬರೆಯಿರಿ, ಆಮೇಲೆ ಬದಲಾಯಿಸಲು ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ನಾನು ಬರೆದುಕೊಡಲು ಪೆನ್ನು ತೆಗೆದೆ. ಹುಡುಗ ಕೈ ಚಾಚಿ ಪೆನ್ನು ತೆಗೆದುಕೊಂಡ. ಮೊದಲ ಚೌಕದಲ್ಲಿ ತನ್ನ ಹೆಸರು ಬರೆದ, ಎರಡನೆಯದರಲ್ಲಿ ಅಪ್ಪನ ಹೆಸರು. ಮೂರನೆಯದು ಅಡ್ಡಹೆಸರು. ಊರ ಶಾಲೆಯ ಮಾಸ್ತರರು ಅವನ ಅಪ್ಪನಿಗೆ ‘ಹರಿಜನ’ ಎಂದು ಬರೆದಿದ್ದರು. ಎಲ್ಲ ಕಡೆ ಹಾಗೆಯೇ ನಡೆದು ಬಂದಿದೆ. ಹುಡುಗ ಪೆನ್ನು ಎತ್ತಿ ಹಿಡಿದು ಅಕ್ಕನ ಮುಖ ನೋಡಿದ. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಎನ್ನುತ್ತಿದ್ದರು. ಅವಳು ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಅವನು ಬರೆಯತೊಡಗಿದ.